ಜಿನ್ನಪ್ಪಣ್ಣನಿಗೆ ಒಂದು ಬುಕ್ ಪೋಸ್ಟ್

ಲಕೋಟೆಯನ್ನು ಪೋಸ್ಟ್ ಆಫೀಸಿನ ಕೌಂಟರಿನ ಮೇಲಿಟ್ಟು, ಅದರ ಬಾಯಿಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದೆ. "ನೋಡಿ ಮೇಡಂ, ಅಂಟಿಸಿಲ್ಲ. ಒಳಗೆ ಕೈಬರಹ ಐದೇ ಪದ. ಬೇಕಾದರೆ ಎಣಿಸಿ."

ನನ್ನ ಮಗಳ ಪ್ರಾಯದ ಆ ಮೇಡಂ ಒಮ್ಮೆ ಲಕೋಟೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಎಂತ ಅಂಕಲ್ ಇದು?"

"ಬುಕ್ ಪೋಸ್ಟ್" ಎಂದೆ. ಎದೆ ಸ್ವಲ್ಪ ಉಬ್ಬಿತ್ತು ಎಂದೇ ಹೇಳಬೇಕು.

"ಆ ಹಳೆ ಬುಕ್ ಪೋಸ್ಟ್ ಈಗ ಇಲ್ಲ ಅಂಕಲ್. ಮಾಮೂಲಿ ಪತ್ರದ ಹಾಗೆ ಅಂಟಿಸಿ ಕೊಡಿ. ಒಳಗೆ ಎಷ್ಟು ಬೇಕಾದ್ರೂ ಬರೀಬಹುದು, ಯಾರೂ ನೋಡುದಿಲ್ಲ."

ಕ್ಯೂನಲ್ಲಿ ಹಿಂದೆ ನಿಂತವರು ಯಾರೋ ನಕ್ಕರು. ನನ್ನ ಎದೆ ಇದ್ದ ಜಾಗಕ್ಕೇ ಹೋಯಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಿಂದೆ ಅಚ್ಚಾದ ಕಾಗದವನ್ನು ಕಡಿಮೆ ದರದಲ್ಲಿ ಕಳಿಸಲು ಬುಕ್ ಪೋಸ್ಟ್ ಎಂದು ಇತ್ತು. ಲಕೋಟೆಯ ಬಾಯಿ ತೆರೆದಿರಬೇಕು, ಟಪಾಲಿನವರು ಬೇಕಾದರೆ ಬಿಚ್ಚಿ ನೋಡುತ್ತಾರೆ. ಒಳಗೆ ಪತ್ರ ಬರೆಯುವ ಹಾಗಿಲ್ಲ. ಬರೆದರೂ ಐದು ಪದ ಮೀರದ ಶುಭ ಹಾರೈಕೆ, ಅಷ್ಟೇ.

ಇದನ್ನೆಲ್ಲ ನನಗೆ ಬಾಯಿಪಾಠ ಮಾಡಿಸಿದ್ದು ಜಿನ್ನಪ್ಪಣ್ಣ. ಪುತ್ತೂರಿನ ಒಂದು ಪ್ರೆಸ್ಸಿನಲ್ಲಿ ನಾವಿಬ್ಬರೂ ಅಚ್ಚುಮೊಳೆ ಜೋಡಿಸುತ್ತಿದ್ದೆವು. ಅವರು ಗುರು, ನಾನು ಶಿಷ್ಯ. ಮದುವೆ ಕಾಗದ ಒಯ್ಯಲು ಬಂದವರಿಗೆಲ್ಲ ನಾನು ಈ ನಿಯಮ ಹೇಳಿ ತಲೆ ತಿನ್ನುತ್ತಿದ್ದೆ. ಯಾರೂ ಕೇಳಿರುತ್ತಿರಲಿಲ್ಲ... ಆದರೂ ಹೇಳುತ್ತಿದ್ದೆ.

ಈಗ ನನ್ನದೇ ಮಗಳ ಮದುವೆ. ಎಲ್ಲರ ಮನೆಗೂ ನಾನು, ಹೆಂಡತಿ ಲೀಲಾ ಹೋಗಿ ಕಾಗದ ಕೊಟ್ಟು ಬಂದೆವು. ಕಲ್ಲುಗುಂಡಿಯಲ್ಲಿರುವ ಲೀಲಾಳ ಸೋದರತ್ತೆಯ ನಾದಿನಿಯನ್ನೂ ಬಿಡಲಿಲ್ಲ. ಕಡಬದ ಜಿನ್ನಪ್ಪಣ್ಣನಿಗೆ ಮಾತ್ರ ಪೋಸ್ಟ್!

ಲೀಲಾ ಬಿಟ್ಟಾಳೆಯೇ? "ಅವರಿಗೆ ಎಂತಕ್ಕೆ ಪೋಸ್ಟು? ಕಡಬ ಎಂತ ದುಬೈಯಲ್ಲಿ ಉಂಟಾ?"

ಪುರುಸೊತ್ತಿಲ್ಲ ಎಂದೆ. ಅವಳು ನಾನು ಬರೆದದ್ದನ್ನು ಇಣುಕಿ ಓದಿದಳು. 'ಜಿನ್ನಪ್ಪಣ್ಣ, ಮದುವೆಗೆ ತಪ್ಪದೆ ಬನ್ನಿ. ಕ್ಷಮಿಸಿ.' ಈ ಐದು ಪದಕ್ಕೆ ನಾನು ಮೂರು ದಿನ ತೆಗೆದುಕೊಂಡಿದ್ದೆ ಮಾರಾಯ್ರೆ.

"ಕ್ಷಮಿಸಿ ಅಂದರೆ ಎಂತದಕ್ಕೆ? ಕಾಗದ ತಡ ಆದದ್ದಕ್ಕಾ?"

"ಐದೇ ಪದ ಬರೆಯುವ ಹಾಗೆ ಇರುದು. ನಿಯಮ ಉಂಟು." ಹಾಗೆ ಹೇಳಿ ಗಂಭೀರವಾಗಿ ಹೊರಟುಬಂದಿದ್ದೆ. ನಿಯಮವೇ ಇಲ್ಲ ಎಂದು ಕೌಂಟರಿನ ಮೇಡಂ ಹೇಳಿದ ಮೇಲೆ ನೋಡಿ, ನನ್ನ ಮುಖ ಇಂಗು ತಿಂದ ಮಂಗನ ಹಾಗೆ ಆದದ್ದು.

ಅಂಟು ಹಚ್ಚುವ ಮೇಜಿನ ಹತ್ತಿರ ನಿಂತೆ. ಪೆನ್ನು ಉಂಟು, ಜಾಗ ಉಂಟು, ಎಷ್ಟು ಬೇಕಾದರೂ ಬರೆಯಬಹುದು. ಒಂದು ಅಕ್ಷರ ಬರುವುದಿಲ್ಲ!

ಏಕೆಂದರೆ ಬರೆಯಬೇಕಾದದ್ದು ಇದು. ಪ್ರೆಸ್ಸಿನಲ್ಲಿದ್ದಾಗ ಒಬ್ಬರ ಮದುವೆ ಕಾಗದದಲ್ಲಿ ಆದಿತ್ಯವಾರದ ಬದಲು ಸೋಮವಾರ ಎಂದು ಅಚ್ಚಾಯಿತು. ಕಾಗದ ಹಂಚಿದ ಮೇಲೆ ಗೊತ್ತಾಗಿ ಅವರು ಪ್ರೆಸ್ಸಿಗೆ ಬಂದು ಕೂಗಾಡಿದರು. ಅಚ್ಚಿಗೆ ಮೊದಲು ಪ್ರೂಫ್, ಅಂದರೆ ಕರಡು ಹಾಳೆ, ನೋಡಿದ್ದು ಯಾರು ಎಂದು ಪ್ರೆಸ್ಸಿನ ಧಣಿ ಕೇಳಿದಾಗ ನಾನು ಜಿನ್ನಪ್ಪಣ್ಣನ ಕಡೆ ಕೈ ತೋರಿಸಿದೆ. ನೋಡಿದ್ದು ನಾನು.

ಅವರು ನನ್ನನ್ನು ಒಮ್ಮೆ ನೋಡಿದರು. ಸೀಮೆಎಣ್ಣೆಯಲ್ಲಿ ಕೈಯ ಶಾಯಿ ಒರೆಸಿಕೊಂಡು ಹೊರಗೆ ನಡೆದರು, ಮತ್ತೆ ಬರಲಿಲ್ಲ. ಕಡಬದಲ್ಲಿ ಪುಸ್ತಕ, ಪೆನ್ನಿನ ಅಂಗಡಿ ಇಟ್ಟರು ಎಂದು ಆಮೇಲೆ ಗೊತ್ತಾಯಿತು. ಇಷ್ಟು ವರ್ಷವೂ ಆ ಊರಿನ ಬಸ್ಸು ಕಂಡರೆ ನಾನು ಮುಖ ತಿರುಗಿಸುತ್ತಿದ್ದೆ. ನಾಚಿಕೆ, ಬೇರೆ ಏನೂ ಅಲ್ಲ.

ಲಕೋಟೆಯನ್ನು ಜೇಬಿಗೆ ಹಾಕಿಕೊಂಡು ಸೀದಾ ಬಸ್‌ ಸ್ಟ್ಯಾಂಡಿಗೆ ಹೋದೆ.

ಕಡಬದ ಅಂಗಡಿಯಲ್ಲಿ ಜಿನ್ನಪ್ಪಣ್ಣ ನೋಟ್‌ಬುಕ್ ಜೋಡಿಸುತ್ತಿದ್ದಾರೆ. ತಲೆ ಪೂರ್ತಿ ಬೆಳ್ಳಗಾಗಿದೆ. ಕಾಗದ ಕೊಟ್ಟೆ. ಅವರು ಓದುವ ಮೊದಲು ಹೆಬ್ಬೆರಳಿನಿಂದ ಅದರ ದಪ್ಪ ನೋಡುತ್ತಾರೆ. ಅಭ್ಯಾಸ ಹೋಗಿಲ್ಲ.

ಬಸ್ಸಿನಲ್ಲಿ ಚಂದ ಮಾಡಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ಆ ದಿನ ಪ್ರೂಫ್ ನೋಡಿದ್ದು ನಾನು ಜಿನ್ನಪ್ಪಣ್ಣ. ನಿಮ್ಮ ಮೇಲೆ ಹಾಕಿದೆ. ತಪ್ಪು ನನ್ನದು."

"ನನಗೆ ಗೊತ್ತುಂಟಲ್ಲ ಮಾರಾಯ. ಪ್ರೂಫಿನಲ್ಲಿ ನಿನ್ನದೇ ಸೈನ್ ಇತ್ತು. ಅದು ನನ್ನ ಮೇಜಿನಲ್ಲೇ ಇತ್ತು."

"ಮತ್ತೆ ಧಣಿಗೆ ಯಾಕೆ ತೋರಿಸಲಿಲ್ಲ?" ಎಂದು ಕೇಳಿದೆ.

"ತೋರಿಸಿದ್ರೆ ನಿನ್ನ ಕೆಲಸ ಹೋಗ್ತಿತ್ತು. ಆಗ ಲೀಲಾ ಬಸುರಿ ಅಲ್ವಾ? ಪ್ರೂಫನ್ನು ಕಿಸೆಯಲ್ಲಿ ಹಾಕಿಕೊಂಡು ಬಂದೆ, ಮನೆಯಲ್ಲಿ ಒಲೆಗೆ ಹಾಕಿದೆ. ಕೋಪ ಬಂದಿತ್ತು. ಇಲ್ಲ ಅಂತ ಹೇಳುದಿಲ್ಲ."

ಹತ್ತಿರ ಕಂಡದ್ದರ ಮೇಲೆ ಕುಸಿದು ಕೂತು ಅತ್ತೆ. ಈ ಪ್ರಾಯದಲ್ಲಿ, ಗಿರಾಕಿಗಳ ಎದುರು.

"ಏಯ್, ಆ ಬಂಡಲಿನ ಮೇಲೆ ಕೂರಬೇಡ, ನೋಟ್‌ಬುಕ್ಕಿನ ಮೂಲೆ ಮಡಚ್ತದೆ!"

ಎದ್ದು ನಿಂತು ಅತ್ತೆ.

ಆಗ ಲೀಲಾಳ ಹೊಟ್ಟೆಯಲ್ಲಿದ್ದವಳದ್ದೇ ಈಗ ಮದುವೆ. ಜಿನ್ನಪ್ಪಣ್ಣ ಹಿಂದಿನ ದಿನವೇ ಬಂದು ಉಳಿಯುತ್ತಾರಂತೆ. ಅವರು ಬಂದ ಕೂಡಲೇ ಮಗಳನ್ನು ಕರೆದು ಎಲ್ಲ ಹೇಳಬೇಕು ಎಂದಿದ್ದೇನೆ, ನಾನು ಕೈ ತೋರಿಸಿದ್ದನ್ನೂ ಸೇರಿಸಿ.

ನಿಮ್ಮಲ್ಲಿ ಯಾರಿಗಾದರೂ ಹೀಗೆ ಹೇಳದೆ ಉಳಿದ ಮಾತು ಉಂಟಾ? ಪೋಸ್ಟಿಗೆ ಹಾಕಬೇಡಿ ಮಾರಾಯ್ರೆ, ಬಸ್ಸು ಹತ್ತಿ.