ಒಣಮೀನಿಗಾಗಿ ಆಡಿದ ಕಬಡ್ಡಿ

ಎಲೆ ಉದುರುವ ಕಾಲವು ಬದುಕಿನ ಅನಿತ್ಯತೆಯನ್ನು ಮನುಷ್ಯನಿಗೆ ಮೌನವಾಗಿ ಬೋಧಿಸುತ್ತದೆ ಎಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳಿದವರು ಯಾರೂ ಆ ಎಲೆಗಳ ಮೇಲೆ ಅಂಗಾತ ಬಿದ್ದು, ಎದೆಯ ಮೇಲೆ ಕ್ವಿಂಟಾಲ್ ತೂಕದ ಸಹಪಾಠಿಯೊಬ್ಬನನ್ನು ಹೊತ್ತು ಮಲಗಿದವರಲ್ಲವೆಂದು ಕಾಣುತ್ತದೆ. ನಾನು ಮಲಗಿದ್ದೇನೆ. ಅಲ್ಲಿ ಮೌನವೇನೂ ಇರಲಿಲ್ಲ.

ನಾನು ವೈದ್ಯಕೀಯ ಓದಲು ಹೋದದ್ದು ವೋಲ್ಗಾ ನದಿಯ ದಡದ ಒಂದು ನಗರಕ್ಕೆ. ಕಾಸರಗೋಡಿನ ಮೀಂಜದಿಂದ ಹೋದವನಿಗೆ ಶರತ್ಕಾಲವೆಂಬುದು ಶಾಲೆಯ ಪುಸ್ತಕದ ಮಾತು. ನಮ್ಮಲ್ಲಿ ಎಲೆ ಬೀಳುವುದು ಋತುವಲ್ಲ, ಬೆಳಗ್ಗಿನ ಕೆಲಸ. ಅಂಗಳದಲ್ಲಿ ಬಿದ್ದ ಹಲಸಿನೆಲೆ ನೋಡಿ ಯಾರೂ ಕವಿಯಾದದ್ದಿಲ್ಲ; ಗುಡಿಸಲು ಹಿಡಿಸೂಡಿ ಹುಡುಕಿದ್ದಾರೆ. ಅಲ್ಲಿ ಹಾಗಲ್ಲ. ಸೆಪ್ಟೆಂಬರ್ ಕಳೆಯುತ್ತಿದ್ದಂತೆ ನದಿಯ ಕಡೆಯಿಂದ ಗಾಳಿ ಬಂದು ಮರಗಳನ್ನು ಜುಟ್ಟು ಹಿಡಿದು ಬಡಿಯುತ್ತದೆ. ಬರ್ಚ್ ಮರಗಳು ಕೆಲವು ದಿನ ಹಳದಿಯಾಗಿ ಮೆರೆದು, ಆಮೇಲೆ ಮೈಮೇಲಿನ ಬಟ್ಟೆ ಕಿತ್ತುಕೊಂಡವರ ಹಾಗೆ ನಡುಗುತ್ತ ನಿಲ್ಲುತ್ತವೆ. ಮೇಪಲ್ ಎಲೆಗಳು ದಾರಿಯ ಉದ್ದಕ್ಕೂ ಕೆಂಪಗೆ ಬಿದ್ದಿರುತ್ತವೆ, ಅಲ್ಲೊಂದು ಕಡಿದಾಟ ಈಗಷ್ಟೇ ಮುಗಿದ ಹಾಗೆ. ಊರಿನ ಜನ ಇದರ ನಡುವೆ ಮಗುವಿನ ಗಾಡಿ ತಳ್ಳಿಕೊಂಡು ಶಾಂತವಾಗಿ ತಿರುಗಾಡುತ್ತಾರೆ, ಎಲೆಗಳನ್ನು ಮೇಲಕ್ಕೆ ತೂರಿ ಫೋಟೋ ತೆಗೆಯುತ್ತಾರೆ. ನಾವೂ ತೂರಿದೆವು, ನಾವೂ ತೆಗೆದೆವು. ಮನೆಗೆ ಕಳಿಸಿದ ಫೋಟೋ ನೋಡಿ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿ ಗುಡಿಸುವವರು ಯಾರೂ ಇಲ್ವಾ ಮಗಾ?”

ಆ ಕಾಲದಲ್ಲಿ ಹಾಸ್ಟೆಲಿನಲ್ಲಿ ನಡೆಯುವ ಮುಖ್ಯ ಸಂಸ್ಕಾರವೆಂದರೆ ಕಿಟಕಿ ಮುಚ್ಚುವುದು. ನಮ್ಮದು ಹಳೆಯ ಕಟ್ಟಡ. ಚಳಿ ಬಲಿಯುವ ಮೊದಲು ಮರದ ಚೌಕಟ್ಟಿನ ಸಂದುಗಳಿಗೆ ಹತ್ತಿ ತುರುಕಿ, ಮೇಲಿಂದ ಕಾಗದದ ಪಟ್ಟಿ ಅಂಟಿಸುತ್ತಾರೆ. ಒಮ್ಮೆ ಅಂಟಿಸಿದರೆ ಚಳಿಗಾಲ ಮುಗಿಯುವ ತನಕ ಒಳಗಿನ ಗಾಳಿ ಒಳಗೇ. ನಮ್ಮ ಮಹಡಿಯ ಅಡುಗೆಕೋಣೆಗೆ ಪಟ್ಟಿ ಅಂಟಿಸಿದ ಸಂಜೆಯೇ ಯುದ್ಧ ಶುರುವಾಯಿತು. ಯುದ್ಧಕ್ಕೆ ಕಾರಣ ಒಣಮೀನು.

ಒಣಮೀನು ನನ್ನ ಕೋಣೆಯ ಗೆಳೆಯನದು. ಅವನು ಮಂಜೇಶ್ವರದ ಕಡಲ ಬದಿಯವ. ನಾನು ಮನಸಾರೆ ತುಳುವಿನಲ್ಲಿ ಬೈಯಬಹುದಾಗಿದ್ದ ಒಬ್ಬನೇ ಮನುಷ್ಯ. ಗಂಜಿ ಮತ್ತು ಹುರಿದ ಒಣ ಬಂಗುಡೆ ಇಲ್ಲದೆ ಅವನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕ್ಯಾಂಟೀನಿನ ಬೀಟ್‌ರೂಟ್ ಸಾರನ್ನು ಅವನು ಪ್ರಯತ್ನಿಸಲಿಲ್ಲವೆಂದಲ್ಲ. ಪ್ರತಿಸಲವೂ ಅದನ್ನು ಶವಪರೀಕ್ಷೆಗೆ ಬಂದದ್ದನ್ನು ನೋಡುವ ಹಾಗೆ ನೋಡಿ, ಚಮಚ ಕೆಳಗಿಡುತ್ತಿದ್ದ. ಕೆನ್ನೆಯ ಮೂಳೆಗಳು ಎದ್ದು ಕಾಣತೊಡಗಿದ್ದವು. ಅವನಿಂದಲೇ ಮೂಳೆಗಳ ಹೆಸರು ಕಲಿಯಬಹುದಿತ್ತು.

“ಮೀನು ಇಲ್ಲದಿದ್ರೆ ನಾನು ಊರಿಗೆ ಹೋಗುದೇ ಮಾರಾಯ,” ಎನ್ನುತ್ತಿದ್ದ. “ಡಾಕ್ಟ್ರಾಗ್ಲಿಕ್ಕೆ ಬಂದು ಹೆಣ ಆಗಿ ಹೋಗುದು ಎಂತಕ್ಕೆ?”

ಇದು ಬಾಯಿಮಾತಾಗಿರಲಿಲ್ಲ. ಸೂಟ್‌ಕೇಸನ್ನು ಮಂಚದ ಕೆಳಗಿಂದ ಎಳೆದು ಬಾಗಿಲ ಹತ್ತಿರ ನಿಲ್ಲಿಸಿದ್ದ. ಅದರಲ್ಲಿ ಅರ್ಧ ಬಟ್ಟೆ ಆಗಲೇ ತುಂಬಿತ್ತು.

ನಮ್ಮ ಮಹಡಿಯಲ್ಲೇ ಉತ್ತರದ ಗೋಧಿ ನಾಡಿನ ಹುಡುಗರಿದ್ದರು. ಹಾಲು ತುಪ್ಪದಲ್ಲಿ ಬೆಳೆದವರು. ಅವರು ಎದುರು ಬಂದರೆ ಬಾಗಿಲೇ ಸರಿದು ನಿಲ್ಲಬೇಕು. ಅವರ ಪೈಕಿ ಎಲ್ಲರಿಗಿಂತ ದಪ್ಪನೆಯವನನ್ನು ನಾವು ಕ್ಯಾಪ್ಟನ್ ಎನ್ನುತ್ತಿದ್ದೆವು. ಕಿಟಕಿ ತೆರೆದಿದ್ದಷ್ಟು ಕಾಲ ಅವನು ಮೀನಿನ ವಾಸನೆ ತಾಳದೆ ಮೂಗಿಗೆ ಮಫ್ಲರ್ ಸುತ್ತಿಕೊಂಡು ನಮ್ಮನ್ನು ಸಹಿಸಿದ. ಪಟ್ಟಿ ಅಂಟಿಸಿದ ಸಂಜೆ ಗೆಳೆಯ ಎಂದಿನಂತೆ ಬಾಣಲೆ ಇಟ್ಟ. ಕ್ಯಾಪ್ಟನ್ ಒಳಗೆ ಬಂದ. ಹೊಸ ಪಟ್ಟಿಯನ್ನು ಪರ್‍ರನೆ ಹರಿದು, ಕಿಟಕಿ ತೆರೆದು, ಬಾಣಲೆಯನ್ನು ಮೀನು ಎಣ್ಣೆ ಸಮೇತ ಹೊರಗೆ ಎಸೆದ. ಅದು ಮೂರು ಮಹಡಿ ಕೆಳಗೆ ಒದ್ದೆ ಎಲೆಗಳ ರಾಶಿಗೆ ಬಿದ್ದು ಬುಸ್ಸೆಂದಿತು.

ಗೆಳೆಯನ ಕೈಯಲ್ಲಿ ಸಟ್ಟುಗ ಉಳಿದಿತ್ತು. ಅದು ಕ್ಯಾಪ್ಟನ್ನನ ಕಿವಿಗೆ ಬಿತ್ತು. ಆಮೇಲಿನ ಕ್ರಮವನ್ನು ಹೇಳುವುದು ಕಷ್ಟ. ಒಂದು ಕುರ್ಚಿಯ ಕಾಲು ಕಳಚಿತು, ಕಳಚಿದ ಕಾಲು ತಿರುಗಿತು, ಯಾರದೋ ತುಟಿ ಒಡೆಯಿತು, ಲಟ್ಟಣಿಗೆಯೊಂದು ನನ್ನ ಮೊಣಕಾಲನ್ನು ಹುಡುಕಿಕೊಂಡು ಬಂತು. ಎಲ್ಲವನ್ನೂ ನಿಲ್ಲಿಸಿದ್ದು ಹಾಸ್ಟೆಲಿನ ಮೇಲ್ವಿಚಾರಕಿ. ಅರುವತ್ತು ದಾಟಿದ ಹೆಂಗಸು. ನಾವು ನಮ್ಮೊಳಗೆ ದೊಡ್ಡಮ್ಮ ಎನ್ನುತ್ತಿದ್ದೆವು. ಆಕೆ ನೆಲ ಒರಸುವ ಕೋಲಿನೊಂದಿಗೆ ಬಂದು, ಮತ ಭಾಷೆ ಪ್ರಾಂತ್ಯಗಳ ಭೇದವಿಲ್ಲದೆ ಎಲ್ಲರಿಗೂ ಬಾರಿಸಿದಳು.

“ನನ್ನ ಕಟ್ಟಡದೊಳಗೆ ಇನ್ನೊಂದು ಪೆಟ್ಟು ಬಿದ್ದರೆ ಎರಡೂ ಕಡೆಯವರು ಬೀದಿಗೆ,” ಎಂದು ತೀರ್ಪು ಕೊಟ್ಟಳು.

ಕಟ್ಟಡದೊಳಗೆ ಎಂದದ್ದನ್ನು ನಾನು ಗಮನಿಸಿದೆ. ಹೊರಗಿನ ವಿಷಯದಲ್ಲಿ ದೊಡ್ಡಮ್ಮನ ಕಾನೂನು ಏನನ್ನೂ ಹೇಳಿರಲಿಲ್ಲ. ಮರುದಿನ ನಾನೇ ರಾಯಭಾರಿಯಾಗಿ ಕ್ಯಾಪ್ಟನ್ನನ ಕೋಣೆಗೆ ಹೋಗಿ, ನನ್ನ ಬಡ ಹಿಂದಿಯಲ್ಲಿ, ಕಬಡ್ಡಿ ಗೊತ್ತುಂಟಾ ಎಂದು ಕೇಳಿದೆ. ಅವನು ಕಿವಿಗೆ ಐಸ್ ಒತ್ತಿಕೊಂಡು ಕೂತಿದ್ದ. ನಕ್ಕ.

“ನಡೆಯೋಕೆ ಮೊದಲು ಕಬಡ್ಡಿ ಆಡಿದವನು ನಾನು. ನಿಮ್ಮಂಥ ಅನ್ನ ತಿನ್ನೋರು ಮೊದಲು ಉಸಿರು ಹಿಡಿಯೋಕೆ ಕಲೀರಿ.”

ಷರತ್ತು ಅಲ್ಲೇ ತೀರ್ಮಾನವಾಯಿತು. ನಾವು ಗೆದ್ದರೆ ಚಳಿಗಾಲವಿಡೀ ಮೀನು. ಅವರು ಗೆದ್ದರೆ ಒಂದು ಮುಳ್ಳೂ ಇಲ್ಲ.

“ಸೋತ್ರೆ ನಾನು ಅವತ್ತೇ ಟಿಕೆಟ್ ಮಾಡುದು,” ಎಂದ ಗೆಳೆಯ. “ನೀನು ಆಮೇಲೆ ಅಡ್ಡ ಹಾಕ್ಲಿಕ್ಕಿಲ್ಲ.”

“ಸೋಲುದು ಯಾಕೆ? ನಾವು ಕಬಡ್ಡಿಯ ಊರಿನವ್ರಲ್ವಾ?” ಎಂದೆ.

ಈ ಧೈರ್ಯಕ್ಕೆ ಆಧಾರವಿತ್ತು. ನಮ್ಮ ಕಡೆ ಬಯಲಿಗೆ ದೀಪ ಕಟ್ಟಿ ಆಡಿಸುವ ಪಂದ್ಯಗಳಲ್ಲಿ ಅಂಪೈರ್‌ನ ಅಂಗಿ ಹರಿಯದಿದ್ದರೆ ಜನ ಬೇಸರದಿಂದ ಮನೆಗೆ ಹೋಗುತ್ತಾರೆ. ಕಾಸರಗೋಡು, ಮಂಗಳೂರು ಕಡೆಯ ಹುಡುಗರನ್ನು ಕೂಡಿಸಿ, ಏಳನೆಯವನಾಗಿ ತೆಂಕಣ ಕೇರಳದ ಒಬ್ಬ ಚೆಸ್ ಆಟಗಾರನನ್ನು ಸೇರಿಸಿ, ನಾವು ಭಾನುವಾರ ಹಾಸ್ಟೆಲಿನ ಹಿಂದಿನ ಪಾರ್ಕಿಗೆ ಇಳಿದೆವು.

ಅಂಥ ಹಗಲನ್ನು ನಾನು ಮತ್ತೆ ಕಂಡಿಲ್ಲ. ಬಿಸಿಲಿಗೆ ಬಿಸಿಯಿರಲಿಲ್ಲ, ಬಣ್ಣ ಮಾತ್ರ. ಎಲೆ ಮೊಣಕಾಲುದ್ದ ಬಿದ್ದಿತ್ತು. ಅದನ್ನು ಕಾಲಿನಿಂದ ಸರಿಸಿ ಗೆರೆ ಹಾಕಿದೆವು. ಬೆಂಚುಗಳ ಮೇಲೆ ಅಜ್ಜಿಯರು ಸೂರ್ಯಕಾಂತಿ ಬೀಜ ಸುಲಿಯುತ್ತ ಕೂತಿದ್ದರು.

ಮೊದಲು ದಾಳಿಗೆ ಹೋದವನು ನಾನು. ಕಬಡ್ಡಿ ಕಬಡ್ಡಿ ಎನ್ನುತ್ತ ಗೆರೆ ದಾಟಿದೆ. ಏಳೂ ಜನ ಕೈಕೈ ಹಿಡಿದು ಸುತ್ತುವರಿಯುತ್ತಾರೆ ಎಂದುಕೊಂಡಿದ್ದೆ. ಒಬ್ಬನೇ ಮುಂದೆ ಬಂದ. ಉಳಿದವರು ಮದುವೆಗೆ ಬಂದವರ ಹಾಗೆ ಕೈಕಟ್ಟಿ ಬದಿಗೆ ನಿಂತರು. ಮುಂದೆ ಬಂದವನು ಅಂಗೈ ಬೀಸಿ ನನ್ನ ಎದೆಗೆ ಬಾರಿಸಿದ. ಇನ್ನೊಮ್ಮೆ ಬಾರಿಸಿದ. ಕಬಡ್ಡಿಯ ‘ಕ’ ಒಳಗೇ ಉಳಿಯಿತು. ನಾನು ಎಲೆಗಳಲ್ಲಿ ಕಂತಿ ಹೋಗಿ “ಫೌಲ್!” ಎಂದು ಕೂಗಿದೆ. ಅವರೆಲ್ಲ ಚಪ್ಪಾಳೆ ತಟ್ಟಿದರು.

ಆಮೇಲೆ ಕ್ಯಾಪ್ಟನ್ ನಮ್ಮ ಕಡೆ ಬಂದ. ನಾವು ನಮಗೆ ತಿಳಿದ ಧರ್ಮವನ್ನು ಪಾಲಿಸಿದೆವು. ಒಬ್ಬ ಪಾದ ಹಿಡಿದ, ಒಬ್ಬ ತೊಡೆ ತಬ್ಬಿದ, ಗೆಳೆಯ ಸೊಂಟಕ್ಕೆ ಜೋತುಬಿದ್ದ, ಚೆಸ್ ಆಟಗಾರ ಎಲ್ಲರ ಮೇಲೆ ಹಾರಿದ. ಕ್ಯಾಪ್ಟನ್ ಬುಡಸಮೇತ ಉರುಳಿದ.

“ಒಬ್ಬನ ಮೇಲೆ ಏಳು ಜನವಾ? ಹೇಡಿಗಳಾ!” ಎಂದು ಆ ಕಡೆಯಿಂದ ಬೊಬ್ಬೆ ಎದ್ದಿತು.

“ಮತ್ತೆಂತ, ಒಬ್ಬೊಬ್ಬರೇ ಬಂದು ಹಿಡಿಯುದಾ? ಅದೆಂತ ಕಬಡ್ಡಿ?” ಎಂದು ನಾವು.

ನನಗೆ ಆಗ ಅರ್ಥವಾಯಿತು. ಅವರ ಊರಿನ ಆಟದಲ್ಲಿ ಒಬ್ಬನಿಗೆ ಒಬ್ಬನೇ ಎದುರಾಳಿ. ಅಂಗೈ ಏಟು ನ್ಯಾಯ, ಗುಂಪಾಗಿ ಹಿಡಿಯುವುದು ಘೋರ ಅಪರಾಧ. ನಮ್ಮ ಆಟದಲ್ಲಿ ಗುಂಪಾಗಿ ಹಿಡಿಯುವುದೇ ಆಟ. ಎದೆಗೆ ಹೊಡೆಯುವುದು ಪೊಲೀಸ್ ಕೇಸು. ಎರಡೂ ಕಡೆಯವರು ತಮ್ಮ ತಮ್ಮ ಶಾಸ್ತ್ರದ ಪ್ರಕಾರ ಆಗಲೇ ಹಲ್ಲೆಗೊಳಗಾಗಿದ್ದರು. ಇದನ್ನು ವಿವರಿಸಬೇಕೆಂದು ನಾನು ಬಾಯಿ ತೆರೆದೆ. ಬಾಯಿಗೆ ಹಿಡಿ ಎಲೆ ಬಂತು, ಅದರ ಹಿಂದೆ ಒಂದು ಮುಷ್ಟಿ.

ಅನಂತರ ಗೆರೆ ಉಳಿಯಲಿಲ್ಲ. ಹದಿನಾಲ್ಕು ಭಾವೀ ವೈದ್ಯರು ಪರಸ್ಪರರ ದೇಹದ ಮೇಲೆ ಅಭ್ಯಾಸ ಮಾಡಿದರು. ಮೂಗಿನಿಂದ ಸುರಿದ ರಕ್ತ ಮೇಪಲ್ ಎಲೆಯ ಮೇಲೆ ಬಿದ್ದು, ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಚೆಸ್ ಆಟಗಾರ ಒಬ್ಬನ ಭುಜ ಕಚ್ಚಿ ಹಿಡಿದು ಬಿಡಲಿಲ್ಲ. ನನ್ನ ಮೇಲೊಬ್ಬ ಕೂತು ನನ್ನ ತಲೆಯನ್ನು ಎಲೆಗಳಲ್ಲಿ ಹೂಳುವ ಕೆಲಸವನ್ನು ಶ್ರದ್ಧೆಯಿಂದ ಮಾಡಿದ. ಅಜ್ಜಿಯರು ಬೀಜದ ಪೊಟ್ಟಣ ಮಡಚಿಟ್ಟು ಎದ್ದು ನಿಂತರು. ಎಲೆಗಳ ಸಂದಿಯಿಂದ, ಕ್ಯಾಪ್ಟನ್ ಗೆಳೆಯನನ್ನು ತಲೆಯ ಮಟ್ಟಕ್ಕೆ ಎತ್ತಿ, ನೆಲಕ್ಕೆ ಹಾಕಿ, ತಾನೂ ಅವನ ಮೇಲೆಯೇ ಬಿದ್ದದ್ದನ್ನು ಕಂಡೆ. ಲಟಕ್ಕೆಂದಿತು. ಕೊಂಬೆಯೆಂದುಕೊಂಡೆ.

ಗೆಳೆಯನ ಕಿರುಚಾಟಕ್ಕೆ ಎಲ್ಲರ ಕೈ ನಿಂತಿತು. ಕ್ಯಾಪ್ಟನ್ ಅವನ ಮೇಲೆ ಕೂತೇ ಕೊರಳ ಬುಡದ ಮೂಳೆಯನ್ನು ಬೆರಳಿನಿಂದ ಮುಟ್ಟಿ ನೋಡಿದ.

“ಕ್ಲಾವಿಕಲ್,” ಎಂದ, ಗಂಭೀರವಾಗಿ. “ಬಲಗಡೆ.”

“ಗೊತ್ತುಂಟು, ನಾನೂ ಓದಿದ್ದೇನೆ,” ಎಂದು ಗೆಳೆಯ ಅತ್ತ. “ನೀನು ಮೊದ್ಲು ಮೇಲಿಂದ ಏಳು ಮಾರಾಯ!”

ಅಜ್ಜಿಯರು ಓಡಿಹೋಗಿ ದೊಡ್ಡಮ್ಮನನ್ನು ಕರೆತಂದರು. ಆಸ್ಪತ್ರೆಯಲ್ಲಿ ಗೆಳೆಯನ ಭುಜ ಬಿಗಿದು, ಬಲಗೈಯನ್ನು ಎದೆಗೆ ಕಟ್ಟಿ ಕಳಿಸಿದರು. ಸಂಜೆ ಅಡುಗೆಕೋಣೆಯಲ್ಲಿ ವಿಚಾರಣೆ. ಸಾಕ್ಷ್ಯವಾಗಿ ಮೀನಿನ ಕಟ್ಟನ್ನು ಮೇಜಿನ ಮೇಲೆ ಇಡಿಸಿದ ದೊಡ್ಡಮ್ಮ ಒಂದು ಬಂಗುಡೆಯನ್ನು ಮೂಸಿ, ಚರ್ಮ ಸುಲಿದು, ಆ ಊರಿನವರು ಒಣಮೀನು ತಿನ್ನುವ ಹಾಗೆ ಹಸಿಯಾಗಿಯೇ ಬಾಯಿಗಿಟ್ಟು ಜಗಿದಳು. ಕ್ಯಾಪ್ಟನ್ ಗೋಡೆಗೆ ಮುಖ ತಿರುಗಿಸಿದ.

“ಮೀನು ಒಳ್ಳೆಯದು. ಇಂಥದ್ದನ್ನು ಎಣ್ಣೆಯಲ್ಲಿ ಯಾಕೆ ಕೊಲ್ಲುತ್ತೀರಿ?” ಎಂದು ಕೇಳಿ, ಎರಡನೆಯದನ್ನು ಎತ್ತಿಕೊಂಡಳು. ತೀರ್ಪು ಚಿಕ್ಕದು. ಹುರಿಯುವುದು ಬಂದ್. ಮುರಿದವನು, ಮೂಳೆ ಕೂಡುವ ತನಕ, ಮುರಿಸಿಕೊಂಡವನಿಗೆ ಅಡುಗೆ ಮಾಡಿ ಹಾಕಬೇಕು. ತಪ್ಪಿದರೆ ಬೀದಿ.

“ನಂಗೆ ಯಾರ ಅಡುಗೆಯೂ ಬೇಡ, ನಾನು ಊರಿಗೆ ಹೋಗುದು,” ಎಂದ ಗೆಳೆಯ. ಆದರೆ ಆ ಭುಜಕ್ಕೆ ಸೂಟ್‌ಕೇಸ್ ಎತ್ತುವುದನ್ನು ವೈದ್ಯರು ನಿಷೇಧಿಸಿದ್ದರು. ಎತ್ತಿಕೊಡಲು ನಾನು ಒಪ್ಪಲಿಲ್ಲ.

ಮರುದಿನದಿಂದ ಕ್ಯಾಪ್ಟನ್ ಎರಡು ಹೊತ್ತೂ ನಮ್ಮ ಬಾಗಿಲನ್ನು ಕಾಲಿನಿಂದ ಒದ್ದು ತೆರೆದು, ತುಪ್ಪ ಸುರಿಯುವ ರೊಟ್ಟಿಯ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕುತ್ತಿದ್ದ.

“ತಿನ್ನು.”

“ಬೇಡ.”

“ತಿನ್ನದಿದ್ದರೆ ಎಡಗಡೆಯದನ್ನೂ ಮುರೀತೀನಿ.”

ಎಡಗೈಯಲ್ಲಿ ರೊಟ್ಟಿ ಹರಿಯಲಾಗದೆ ಗೆಳೆಯ ತಡಕಾಡಿದರೆ, ಕ್ಯಾಪ್ಟನ್ ತಾನೇ ತುಂಡು ಮಾಡಿ ದಾಲಿನಲ್ಲಿ ಅದ್ದಿ, ಗೋಡೆಗೆ ಮೊಳೆ ಹೊಡೆಯುವ ಹಾಗೆ ಅವನ ಬಾಯಿಗೆ ಹೊಡೆಯುತ್ತಿದ್ದ. ಗೆಳೆಯ ಜಗಿಯುತ್ತ ತುಳುವಿನಲ್ಲಿ ಅವನ ವಂಶವನ್ನು ನೆನೆಯುತ್ತಿದ್ದ. ಅವನು ತನ್ನ ಭಾಷೆಯಲ್ಲಿ ಉತ್ತರಿಸುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಕ್ಷಮಿಸಿದ್ದನ್ನು ನಾನಂತೂ ಕಂಡಿಲ್ಲ.

ಹಿಮ ಬೀಳುವ ಹೊತ್ತಿಗೆ ಮೂಳೆ ಸ್ವಲ್ಪ ಉಬ್ಬಿ ಕೂಡಿಕೊಂಡಿತು; ಕೆನ್ನೆಯ ಮೂಳೆಗಳು ತುಪ್ಪದ ರೊಟ್ಟಿಯಲ್ಲಿ ಮತ್ತೆ ಮುಚ್ಚಿಹೋಗಿದ್ದವು. ಗೆಳೆಯ ಟಿಕೆಟ್ ಮಾಡಲಿಲ್ಲ. ಓದು ಮುಗಿಸಿದ.