ಉಪವಾಸದ ಉಪ್ಪಿಟ್ಟು

ನಾನು ಓದಿದ್ದು ನಾಲ್ಕನೇ ಕ್ಲಾಸು, ಅದರಲ್ಲೂ ಅರ್ಧ ವರ್ಷ ಎಮ್ಮೆ ಕಾದೆ. ನನ್ನ ಮೊಮ್ಮಗಳು ಮಾತ್ರ ಡಾಕ್ಟರ್ ಓದು ಮುಗಿಸಿ ಹಾಸನದಲ್ಲಿ ಸಂಶೋಧನೆ ಮಾಡುತ್ತಾಳೆ. ಈ ಮಾತನ್ನು ಹಿರೀಸಾವೆಯ ಬಸ್ ಸ್ಟಾಪಿನಲ್ಲಿ ಯಾರೂ ಕೇಳದಿದ್ದರೂ ಹೇಳುತ್ತೇನೆ. ಕೇಳಿದವರಿಗೆ ಎರಡು ಸಲ.

ಅವಳ ಕೆಲಸ ನನಗೆ ತಿಳಿದಷ್ಟು ಹೀಗೆ. ಸ್ಕ್ಯಾನಿಂಗ್ ಮಿಷನ್ನು ನಮ್ಮ ಕಿವಿಗೆ ಕೇಳದ ಸದ್ದನ್ನು ಮೈಯೊಳಕ್ಕೆ ಬಿಡುತ್ತದೆ. ಅದು ಲಿವರಿಗೆ ತಗುಲಿ ವಾಪಸ್ಸು ಬರುತ್ತದೆ. ಮಾಮೂಲಿಯಾಗಿ ಅದರಿಂದ ಚಿತ್ರ ಮೂಡುತ್ತದೆ, ನೋಡಿದ ಡಾಕ್ಟರು ಅಂದಾಜು ಹೇಳುತ್ತಾರೆ. ಇವಳು ಆ ಸದ್ದು ಎಷ್ಟು ಕುಗ್ಗಿತು ಎಂದು ಅಳೆದು, ಲಿವರಿನ ಕೊಬ್ಬಿಗೆ ಒಂದು ಅಂಕಿಯನ್ನೇ ಕೊಡುತ್ತಾಳೆ. ತೆಂಗಿನಕಾಯಿ ಬಡಿದು ನೋಡಿದ ಹಾಗೆ ಅಂದೆ. ನಕ್ಕಳು, ಅಲ್ಲ ಅನ್ನಲಿಲ್ಲ. ಅಂದಿನಿಂದ ನಾನೂ ಅರ್ಧ ಡಾಕ್ಟರೇ.

ಒಬ್ಬರನ್ನೇ ಎರಡು ಸಲ ಅಳೆದು, ಎರಡೂ ಸಲ ಹೆಚ್ಚುಕಮ್ಮಿ ಒಂದೇ ಅಂಕಿ ಬರುವುದನ್ನು ಅವಳು ತನ್ನ ದೊಡ್ಡ ಮೇಡಂಗೆ ತೋರಿಸಬೇಕಿತ್ತು. ಇಲ್ಲದಿದ್ದರೆ ಮುಂದಿನ ಕೆಲಸಕ್ಕೆ ಮಿಷನ್ ಸಿಗುತ್ತಿರಲಿಲ್ಲ. ಅಳತೆಗೆ ಬರುತ್ತೇನೆ ಅಂದವರು ಕೈಕೊಟ್ಟರು. ತೋರಿಸಬೇಕಾದ ದಿನದ ಹಿಂದಿನ ಸಂಜೆ ನನಗೆ ಫೋನು ಬಂತು.

"ನೀನೇ ಬಾ ಅಜ್ಜಿ. ಬೆಳಗ್ಗೆ ಉಪವಾಸ ಇರು."

ಉಪವಾಸ ನನಗೇನು ಹೊಸದೇ? ಪ್ರತಿ ಶನಿವಾರ ಮಾಡುತ್ತೇನೆ. ಅನ್ನ, ಮುದ್ದೆ ಮುಟ್ಟದೆ, ಉಪ್ಪಿಟ್ಟು ತಿಂದು, ಬಾಳೆಹಣ್ಣು ತಿಂದು, ದೊಡ್ಡ ಲೋಟದಲ್ಲಿ ಹಾಲು ಕುಡಿದು, ಬಲು ಕಟ್ಟುನಿಟ್ಟಾಗಿ. ಅವತ್ತು ಮೊಮ್ಮಗಳ ಕೆಲಸ, ಉಪವಾಸ ಇನ್ನೂ ಜೋರಾಗಿರಲಿ ಎಂದು ಉಪ್ಪಿಟ್ಟಿಗೆ ತುಪ್ಪ ಹಾಕಿಕೊಂಡೆ.

ಹಾಸನದ ಆಸ್ಪತ್ರೆಯಲ್ಲಿ ಮೊಮ್ಮಗಳು ನನ್ನನ್ನು ಮಂಚದ ಮೇಲೆ ಮಲಗಿಸಿ, ಏನೂ ತಿಂದಿಲ್ಲ ತಾನೆ ಎಂದು ಕೇಳಿದಳು.

"ಏನೂ ಇಲ್ಲ ಕಣ್ಮಗ. ಒಸಿ ಉಪ್ಪಿಟ್ಟು."

ಅವಳ ಕೈ ಅಲ್ಲೇ ನಿಂತಿತು. ತಿಂದಿದ್ದರೆ ಅಂಕಿ ಏರುಪೇರಾಗುತ್ತದಂತೆ. ಮೇಡಂ ಕನ್ನಡಕದ ಮೇಲಿಂದ ನೋಡಿದರು. ಮೊಮ್ಮಗಳ ಮುಖ ಬಾಡಿದ್ದು ಕಂಡು ಮೇಡಂ ಕಡೆ ತಿರುಗಿದೆ.

"ತೆಪ್ಪು ನಂದು ಕಣವ್ವ. ಸಂಜೆಗಂಟ ನೀರೂ ಮುಟ್ಟಾಕಿಲ್ಲ, ಇನ್ನೊಂದ್ಕಿತ ನೋಡಿ" ಅಂದೆ.

ರೋಗಿಗಳ ಸರದಿಯೆಲ್ಲ ಮುಗಿದ ಮೇಲೆ ನೋಡೋಣ ಅಂದರು. ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿದ್ದ ಅರಕಲಗೂಡಿನ ಹೆಂಗಸು ಎರಡು ಬಿಸಿ ವಡೆ ತಂದು ಒಂದನ್ನು ನನ್ನತ್ತ ನೀಡಿದಳು. ಬೇಡ ಅಂದೆ. ಅವಳು ಎರಡನ್ನೂ ನಿಧಾನವಾಗಿ ತಿಂದಳು. ಇಷ್ಟು ವರ್ಷದಲ್ಲಿ ನಾನು ಮಾಡಿದ ನಿಜವಾದ ಉಪವಾಸ ಅದೊಂದೇ.

ಸಂಜೆ ಕೊನೆಗೂ ಕರೆದರು. ಮೊಮ್ಮಗಳು ಪಕ್ಕೆಗೆ ತಣ್ಣನೆಯ ಜೆಲ್ ಹಚ್ಚಿ, ಉಸಿರು ಕಟ್ಟಿಕೋ, ಮಾತಾಡಬೇಡ ಅಂದಳು. ಉಸಿರು ಕಟ್ಟುವುದು ಸುಲಭ, ಬಾಯಿ ಕಟ್ಟುವುದು ನನ್ನ ವಂಶದಲ್ಲೇ ಇಲ್ಲ. ಹೇಗೋ ಕಟ್ಟಿದೆ. ಒಂದು ಸಲ ಅಳೆದಳು, ಎಬ್ಬಿಸಿ ಕೂರಿಸಿ, ಮತ್ತೆ ಮಲಗಿಸಿ ಇನ್ನೊಂದು ಸಲ. ಎರಡು ಅಂಕಿಗಳೂ ಅಕ್ಕತಂಗಿಯರ ಹಾಗೆ ಪಕ್ಕಪಕ್ಕ ಬಂದವು. ಮೇಡಂ ಅವಳ ಬೆನ್ನು ತಟ್ಟಿದರು.

ನಾನು ಪಾಸಾ ಅಂದೆ.

"ಪಾಸಾಗಿದ್ದು ಮಿಷನ್ನು ಅಜ್ಜಿ. ನಿಂಗೆ ಒಸಿ ಕೊಬ್ಬೈತೆ."

"ಅದ ನಿಮ್ತಾತ ಮದ್ವೆ ಆದಾಗ್ಲಿಂದ ಯೋಳ್ತಾವ್ರೆ. ಅದ್ಕೂ ಒಂದ್ ಮಿಷನ್ ಬೇಕಿತ್ತಾ?"

ಮೇಡಂ ಕೂಡ ನಕ್ಕುಬಿಟ್ಟರು.

ಈಗ ಮಿಷನ್ ಮೊಮ್ಮಗಳ ಕೈಗೆ ಬಂದಿದೆ. ಅಳತೆಗೆ ಬರುವವರಿಗೆಲ್ಲ ಹಿಂದಿನ ದಿನ ಅವಳೇ ಫೋನ್ ಮಾಡುತ್ತಾಳೆ. ಉಪವಾಸ ಎಂಬ ಮಾತನ್ನೇ ಬಿಟ್ಟಿದ್ದಾಳೆ. ಬರೀ ಹೊಟ್ಟೆಯಲ್ಲಿ ಬನ್ನಿ, ಉಪ್ಪಿಟ್ಟೂ ತಿನ್ನಬೇಡಿ ಅನ್ನುತ್ತಾಳೆ. ಸಂಶೋಧನೆಗೆ ನಾನು ಕೊಟ್ಟಿದ್ದು ಆ ಒಂದು ಮಾತು. ಬಸ್ ಸ್ಟಾಪಿನಲ್ಲಿ ಈಗ ಅದನ್ನೂ ಹೇಳುತ್ತೇನೆ.