ಬರಿ ಡಬ್ಬಿ ಕೊಡಬಾರದು

ಹಾಲು ಉಕ್ಕುವ ಒಂದು ಕ್ಷಣ ಮೊದಲು ಒಲೆ ಆರಿಸುವುದು ಈ ವಯಸ್ಸಿನಲ್ಲೂ ನನಗೊಂದು ಗೆಲುವು. ಇವತ್ತು ಬೆಳಿಗ್ಗೆಯೂ ಗೆದ್ದೆ. ಚಹಾ ಸೋಸಿಕೊಂಡೆ, ಕಿಟಕಿಗೆ ಬರುವ ಗುಬ್ಬಿಗಳಿಗೆ ಒಂದು ಹಿಡಿ ನುಚ್ಚು ಹಾಕಿದೆ, ರಾತ್ರಿಯ ಪಾತ್ರೆ ತೊಳೆಯಲು ನಿಂತೆ. ಅಲ್ಲಿ ಆ ಡಬ್ಬಿ ಇತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಎದುರು ಮನೆಯ ಜಯಶ್ರೀ ನಿನ್ನೆ ಅದರಲ್ಲಿ ಪಲಾವ್ ತಂದುಕೊಟ್ಟಿದ್ದಳು. ಹೋಟೆಲಿನವರು ಕೊಡುತ್ತಾರಲ್ಲ, ಅಂಥ ತೆಳ್ಳನೆಯ ಪ್ಲಾಸ್ಟಿಕ್ ಡಬ್ಬಿ. "ವಾಪಸ್ ಕೊಡೋದು ಬ್ಯಾಡ್ರಿ ಆಂಟಿ, ಒಗೆದುಬಿಡ್ರಿ" ಎಂದು ಹೇಳಿಯೇ ಹೋಗಿದ್ದಳು. ನನ್ನ ಮೊಣಕಾಲುಗಳಿಗೆ ಆ ಮಾತು ಭಾಳ ಹಿಡಿಸಿತ್ತು.

ಕಸದ ಬುಟ್ಟಿಯ ಮೇಲೆ ಡಬ್ಬಿ ಹಿಡಿದು ನಿಂತೆ. ಬೆರಳು ಸಡಿಲವಾಗಲಿಲ್ಲ. ತೀರಿಕೊಂಡು ಎಷ್ಟೋ ವರ್ಷವಾದ ನನ್ನ ಅತ್ತೆ ಹಿಂದಿನಿಂದ ಬಂದು ಮುಂಗೈ ಹಿಡಿದಂತಾಯಿತು.

ನಾನು ಸೇಡಂಗೆ ಸೊಸೆಯಾಗಿ ಬಂದದ್ದು ಹೈದರಾಬಾದ್ ಸಂಸ್ಥಾನ ಇನ್ನೂ ಇದ್ದ ಕಾಲದಲ್ಲಿ. ನಿಜಾಮರ ಆಳ್ವಿಕೆ ಮುಗಿದಿತ್ತು, ಕಚೇರಿಯ ಕಾಗದಗಳಿಗೆ ಮಾತ್ರ ಆ ಸುದ್ದಿ ಪೂರ್ತಿ ಮುಟ್ಟಿರಲಿಲ್ಲ. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಕಾಣದ ಹಿಮದ ಬಗ್ಗೆ, ಹತ್ತದ ಹಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಎರಡೆರಡು ಪುಟ ಬರೆಯುತ್ತಿದ್ದೆ. ಜೋಳದ ರೊಟ್ಟಿ ತಟ್ಟಿದರೆ ಮಾತ್ರ ಸಂಸ್ಥಾನದ ನಕ್ಷೆಯಾಗುತ್ತಿತ್ತು. ಅತ್ತೆ ಒಳ್ಳೆಯವರು. "ಇರಲಿ ಬಿಡವ್ವಾ, ಹೊಟ್ಯಾಗ ಹೋದ ಮ್ಯಾಲ ದುಂಡಗ ಯಾವುದು, ಸೊಟ್ಟ ಯಾವುದು!" ಎನ್ನುತ್ತಿದ್ದರು. ನನ್ನ ಇಂಗ್ಲಿಷಿಗೆ ಆ ಮನೆಯಲ್ಲಿ ಹಾಲಿನ ಪುಡಿ ಬರುವ ತನಕ ಯಾವ ಉಪಯೋಗವೂ ಇರಲಿಲ್ಲ.

ಅದು ಪರದೇಶದಿಂದ ಬರುತ್ತಿತ್ತು. ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ರೈಲಿನಲ್ಲಿ ವಾಡಿಗೆ, ವಾಡಿಯಲ್ಲಿ ಗಾಡಿ ಬದಲಿಸಿ ನಮ್ಮ ಸೇಡಂಗೆ. ಮೊಣಕಾಲೆತ್ತರದ ತಗಡಿನ ಡಬ್ಬಿಗಳು. ಡಬ್ಬಿಯ ಮೇಲಿನ ಇಂಗ್ಲಿಷ್ ಓದಿ ಎಷ್ಟು ನೀರಿಗೆ ಎಷ್ಟು ಪುಡಿ ಎಂದು ಹೇಳುವವರು ಓಣಿಯಲ್ಲಿ ನಾನೊಬ್ಬಳೇ ಆದ್ದರಿಂದ, ಬಡಕಲು ಮಕ್ಕಳಿಗೆ ಹಾಲು ಕಲಸಿ ಕೊಡುವ ಕೇಂದ್ರ ನಮ್ಮ ಪಡಸಾಲೆಯಲ್ಲೇ ತೆರೆಯಿತು.

ಮೊದಲ ದಿನ ಅತ್ತೆ ಡಬ್ಬಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರು: "ಯಾರ ಮನೀ ಹಾಲವ್ವಾ ಇದು?"

"ಒಬ್ಬರ ಮನೀದಲ್ಲರಿ ಅತ್ತಿ. ಜಗತ್ತಿನ ದೇಶಗಳೆಲ್ಲ ಕೂಡಿ ಒಂದು ಸಂಘ ಮಾಡ್ಯಾವ. ಇದ್ದವರು ಇಲ್ಲದವರಿಗೆ ಕಳಸ್ತಾರ."

"ಅಂದ್ರ ಪಟ್ಟಿ ಎತ್ತ್ಯಾರ ಅನ್ನು," ಎಂದರು ಅತ್ತೆ. ಊರ ಕೆಲಸಕ್ಕೆ ಮನೆಮನೆಯಿಂದ ಪಟ್ಟಿ, ಅಂದರೆ ವಂತಿಗೆ, ಎತ್ತುವುದು ಅವರಿಗೆ ಗೊತ್ತಿದ್ದ ವ್ಯವಹಾರ. ನನ್ನ ಸಂಘದ ವಿವರಣೆಗಿಂತ ಅದೇ ಮೇಲಾಗಿತ್ತು. ಆಮೇಲೆ ಸ್ವಲ್ಪ ತಡೆದು, "ಅವರ ಕೂಸುಗಳಿಗೆ ಉಳದದೋ ಇಲ್ಲೋ, ಕೇಳಿದಿ?" ಎಂದರು. ನಾನು ಕೇಳಿರಲಿಲ್ಲ.

ಆ ಹಾಲಿನಿಂದ ಬದುಕಿದ ಕೂಸೆಂದರೆ ಪಕ್ಕದ ಮನೆಯ ಶರಣಮ್ಮನ ಮೊಮ್ಮಗಳು ಮಹಾದೇವಿ. ತಾಯಿ ಹೆರಿಗೆಯಲ್ಲೇ ಹೋಗಿದ್ದಳು. ಶರಣಮ್ಮ ಆ ಕೂಸನ್ನು ಎತ್ತಿಕೊಂಡು ಬಂದಾಗ ಸೆರಗಿನೊಳಗೆ ಕೂಸಿದೆ ಎಂದು ಅವಳೇ ಹೇಳಬೇಕಾಗಿತ್ತು, ಅಷ್ಟು ಹಗುರ. ನಾಲ್ಕು ತಿಂಗಳಲ್ಲಿ ಅದರ ತೊಡೆಯಲ್ಲಿ ಮಡಿಕೆ ಬಿದ್ದವು. ಶರಣಮ್ಮ ಬಂದವರಿಗೆಲ್ಲ ಆ ಮಡಿಕೆ ತೋರಿಸುವಳು, ಬಂಗಾರದ ಪಾಟ್ಲಿ ತೋರಿಸಿದ ಹಾಗೆ.

ಹೀಗಿರುವಾಗ ಹಾಲಿನ ಉಸ್ತುವಾರಿಯ ಸರಕಾರಿ ಕಚೇರಿಯ ಸಾಹೇಬರು ಬಂದು, ಹಾಲು ಕಳಿಸುವವರ ಕಡೆಯಿಂದ ಒಬ್ಬ ಮೇಡಂ ನೋಡಲು ಬರುತ್ತಾರೆ ಎಂದರು. "ಖಾಲಿ ಡಬ್ಬಿ ತೊಳದು ಸಾಲಾಗಿ ಇಡ್ರಿ. ಪುಡಿ ಎಲ್ಲಾ ಮಕ್ಕಳ ಹೊಟ್ಟಿಗೇ ಹೋಗ್ಯದ ಅಂತ ಅವರ ಕಣ್ಣಿಗೆ ಕಾಣಬೇಕು. ಕಾಣಲಿಲ್ಲಂದ್ರ ಈ ಕೇಂದ್ರ ಬಂದ್. ನೋಡಿ ಆದಮ್ಯಾಲ ಡಬ್ಬಿ ವಾಪಸ್ ಒಯ್ತೀವಿ."

ನಾನು ಎಂಟೂ ಡಬ್ಬಿಗಳನ್ನು ಬೂದಿ ಹಾಕಿ ತಿಕ್ಕಿ, ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಸಾಲಾಗಿಟ್ಟೆ. ಅತ್ತೆಯ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ: ಡಬ್ಬಿ ವಾಪಸ್ ಹೋಗುತ್ತದೆ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಯಾರದಾದರೂ ಪಾತ್ರೆ ಮನೆಗೆ ಬಂದರೆ ಬರಿದಾಗಿ ತಿರುಗಿ ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲ, ಅದೂ ಇಲ್ಲದಿದ್ದರೆ ನಾಲ್ಕು ಕಾಳು ಜೋಳ.

ಮರುದಿನ ಹನ್ನೊಂದಕ್ಕೆ ಮೇಡಂ ಬಂದರು. ಚಳಿದೇಶದ ಎತ್ತರದ ಹೆಂಗಸು, ಸೇಡಂ ಬಿಸಿಲಿಗೆ ಮುಖ ಕೆಂಪಾಗಿತ್ತು. ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಮದುವೆಗೆ ಬಂದಂತೆ ಸೀರೆಯುಟ್ಟು ಕೂತಿದ್ದರು. ಇವರಿಗೇಕೆ ಇಷ್ಟು ಸಡಗರ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ನಾನು ಮನಸ್ಸಿನಲ್ಲೇ ಸ್ವಾಗತದ ಇಂಗ್ಲಿಷ್ ವಾಕ್ಯ ಉರು ಹೊಡೆಯುತ್ತಿದ್ದೆ.

ಸಾಹೇಬರು, "ನೋಡಿ, ಎಲ್ಲ ಖಾಲಿ!" ಎಂದು ಇಂಗ್ಲಿಷಿನಲ್ಲಿ ಹೇಳುತ್ತ ಒಂದೇ ಕೈಯಲ್ಲಿ ಡಬ್ಬಿ ಎತ್ತಲು ಹೋದರು. ಡಬ್ಬಿ ಮೇಲೇಳಲಿಲ್ಲ. ಎರಡು ಕೈ ಹಾಕಿದರು. ಆಗಲೂ ಅರ್ಧ ಮೊಳ ಎದ್ದು ದೊಪ್ಪನೆ ಕೂತಿತು. ಮೇಡಂ ಹುಬ್ಬು ಏರಿಸಿದರು. ಸಾಹೇಬರು ಮುಚ್ಚಳ ಕಿತ್ತರು. ಒಳಗೆ ಕೆಂಪಗೆ, ಕಂಠದವರೆಗೆ ಶೇಂಗಾ ಹಿಂಡಿ, ಒಣಮೆಣಸಿನಕಾಯಿ ಹಾಕಿ ಕುಟ್ಟಿದ ಚಟ್ನಿಪುಡಿ. ಎರಡನೆಯದರಲ್ಲಿ ತೊಗರಿಬೇಳೆ. ಮೂರನೆಯದರಲ್ಲಿ ಸಜ್ಜೆ ರೊಟ್ಟಿ. ನಾಲ್ಕನೆಯದನ್ನು ತೆರೆಯುವ ಧೈರ್ಯ ಅವರಿಗಿರಲಿಲ್ಲ.

"ಯೇ ಕ್ಯಾ ತಮಾಷಾ!" ಎಂದರು ಸಾಹೇಬರು. ನನ್ನ ಕಡೆ ತಿರುಗಿ, "ಕಿರಾಣಿ ಅಂಗಡಿ ನಡಸಲಿಕತ್ತೀರೇನು ಬಾಯೀ? ಮುಗೀತು. ಹಾಲು ಬಂದ್!"

ಅಷ್ಟೂ ಹೊತ್ತು ನಗುತ್ತಿದ್ದ ಶರಣಮ್ಮ ಮಹಾದೇವಿಯನ್ನು ಎದೆಗೆ ಅವಚಿಕೊಂಡಳು. "ಬಂದ್ ಅಂದ್ರ? ನನ್ನ ಕೂಸಿಗೆ ನಾಳಿ ಏನು ಹಾಕ್ಲಿರೀ ಸಾಹೇಬ್ರ?" ಎಲ್ಲರೂ ನನ್ನನ್ನು ನೋಡಿದರು.

ಮೇಡಂ ಶಾಂತವಾಗಿ ಕೇಳಿದ್ದು ಇಷ್ಟೇ: "ಹಾಲು ಎಲ್ಲಿ ಹೋಯಿತು? ಇದು ಏನು?" ಹಿಮಪಾತಕ್ಕೆ, ಹಡಗು ಮುಳುಗುವುದಕ್ಕೆ ನನ್ನಲ್ಲಿ ಬೇಕಾದಷ್ಟು ಇಂಗ್ಲಿಷ್ ಇತ್ತು; ಶೇಂಗಾ ಹಿಂಡಿಗೆ ಒಂದು ಪದವಿರಲಿಲ್ಲ. ನನ್ನ ಪಾಡು ನೋಡಿ ಅತ್ತೆಯೇ ಎದ್ದರು. ಶರಣಮ್ಮನ ತೋಳಿನಿಂದ ಕೂಸನ್ನು ತೆಗೆದು ಕುರ್ಚಿಯಲ್ಲಿದ್ದ ಮೇಡಂ ಅವರ ತೊಡೆಯ ಮೇಲೆ ಕೂರಿಸಿ, "ನಿಮ್ಮ ಹಾಲು ಇಲ್ಲಿ ಅದ ನೋಡ್ರಿ. ಡಬ್ಬಿ ಬರಿದು ಹೆಂಗ ಕೊಡೋದು? ಓಣ್ಯಾಗಿನವರೆಲ್ಲಾ ಕೂಡಿ ರಾತ್ರಿ ತುಂಬೀವಿ. ಯಾರ ಮನೀದಿಂದ ಬಂತೋ ಆ ಮನಿಗೆ ಮುಟ್ಟಸ್ರಿ" ಎಂದರು. ಇದಕ್ಕೆ ಇಂಗ್ಲಿಷ್ ಕಷ್ಟವಿರಲಿಲ್ಲ. ಪದಕ್ಕೆ ಪದ ಇಟ್ಟು ಹೇಳಿದೆ.

ಮೇಡಂ ಕೂಸಿನ ತೊಡೆಯ ಮಡಿಕೆಯಲ್ಲಿ ಬೆರಳಿಟ್ಟು ನೋಡಿದರು. ಆಮೇಲೆ, ನಾವು ಬೇಡ ಬೇಡವೆನ್ನುವಷ್ಟರಲ್ಲಿ, ಹಿಂಡಿಯನ್ನು ಚಿಟಿಕೆಯಲ್ಲ, ಹಿಡಿಯನ್ನೇ ಬಾಯಿಗೆ ಹಾಕಿಕೊಂಡರು. ಕೆಂಪಗಿದ್ದ ಮುಖ ಇನ್ನೂ ಕೆಂಪಾಗಬಹುದು ಎಂದು ಅಂದು ತಿಳಿಯಿತು. ಅತ್ತೆ ಓಡಿ ಹೋಗಿ ಒಂದು ಲೋಟ ಹಾಲು ತಂದು ಕುಡಿಸಿದರು. ಅದು ಅವರೇ ಕಳಿಸಿದ ಪುಡಿಯ ಹಾಲು. ನನಗೆ ತಿಳಿದಂತೆ ಅಷ್ಟು ದೂರ ಬಂದು ತನ್ನವರ ಹೊಟ್ಟೆಗೇ ಸೇರಿದ ಹಾಲು ಅದೊಂದೇ.

ಕಣ್ಣೊರೆಸಿಕೊಂಡು ಅವರು ಪುಸ್ತಕದಲ್ಲಿ ಏನೋ ಬರೆದರು. ಇಣುಕಬಾರದು ಎಂದು ಕಾನ್ವೆಂಟಿನಲ್ಲಿ ಕಲಿಸಿದ್ದರು, ಇಣುಕಿದೆ. "ಡಬ್ಬಿಗಳು ಖಾಲಿ ಇರಲಿಲ್ಲ. ಕಾರಣ ಸಮರ್ಪಕವಾಗಿದೆ. ಹಾಲು ಮುಂದುವರಿಯಲಿ." ಕನ್ನಡದಲ್ಲಿ ಓದಿ ಹೇಳಿದೆ. ಶರಣಮ್ಮ ಅತ್ತಳು, ಸಾಹೇಬರು ಒಂದು ಸಜ್ಜೆ ರೊಟ್ಟಿ ಮುರಿದರು.

ಹಿಂಡಿಯ ಡಬ್ಬಿಯನ್ನು ಮೇಡಂ ತಮ್ಮೊಂದಿಗೇ ಒಯ್ದರು. ಐದಾರು ತಿಂಗಳ ಮೇಲೆ ಹಾಲಿನ ಹೊಸ ಡಬ್ಬಿಗಳ ಜೊತೆ ಅದೂ ತಿರುಗಿ ಬಂತು. ಒಳಗೆ ಕೈಯಿಂದ ಹೆಣೆದ ದಪ್ಪ ಉಣ್ಣೆಯ ಒಂದು ಕುಲಾವಿ, ಕೂಸಿಗೆ. ಆಗ ಸೇಡಂನಲ್ಲಿ ಕಲ್ಲು ಸಿಡಿಯುವ ಬೇಸಿಗೆ. ಆದರೂ ಶರಣಮ್ಮ ಅದನ್ನು ಮಹಾದೇವಿಯ ತಲೆಗೆ ಹಾಕಿ ಓಣಿಯ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದು ಬಂದಳು. ಕೂಸು ಬೆವರಿ ಕಿರುಚಿತು. ಅತ್ತೆ ಮಾತ್ರ ಡಬ್ಬಿಯ ಮುಂದೆ ಗಲ್ಲಕ್ಕೆ ಕೈಯಿಟ್ಟು ಕೂತಿದ್ದರು: "ಮತ್ತ ತುಂಬಿಸಿ ಕಳಸ್ಯಾಳಲ್ಲ ಆಕಿ! ಈಗ ಇದರಾಗ ಏನು ಹಾಕಿ ಕಳಸೋದು?"

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಚಹಾ ಆರಿತ್ತು. ಪ್ಲಾಸ್ಟಿಕ್ ಡಬ್ಬಿ ತೊಳೆದು ಒರೆಸಿದೆ. ಮಧ್ಯಾಹ್ನ ಶೇಂಗಾ ಹುರಿದೆ, ಕುಟ್ಟಿದೆ. ಮೊಣಕಾಲು ಗೊಣಗಿದವು, ಗೊಣಗಲಿ ಎಂದೆ. ಸಂಜೆ ಜಯಶ್ರೀ ಬ್ಯಾಂಕಿನಿಂದ ಬಂದು ಬೀಗ ತೆಗೆಯುವಾಗಲೇ ಹೋಗಿ ಡಬ್ಬಿ ಕೈಗಿಟ್ಟೆ. ಮುಚ್ಚಳ ತೆಗೆದು ಮೂಸಿದಳು, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು, ಕಾಲಿನಿಂದ ಬಾಗಿಲು ನೂಕುತ್ತ ಅಂದಳು:

"ಹಿಂಗ ಮಾಡಿದ್ರ ಹೆಂಗ್ರಿ ಆಂಟಿ? ಈಗ ಇದರಾಗ ನಾ ಏನು ಹಾಕಿ ಕೊಡ್ಲಿ, ಮನ್ಯಾಗ ಬ್ರೆಡ್ ಬಿಟ್ರ ಏನೂ ಇಲ್ಲ!"